ಕಾವಲಿಯ ಮೇಲೆ ಒತ್ತಿ ಸುಡುವ ಕ್ಯೂಬನ್ ಸ್ಯಾಂಡ್‌ವಿಚ್: ಹಿಟ್ಟು ನಾದುವುದರಿಂದ ಓರೆಯಾಗಿ ಕೊಯ್ಯುವವರೆಗೆ

ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ ಈಬೋರ್ ಸಿಟಿ ಎಂಬ ಹಳೆಯ ಬಡಾವಣೆ ಇದೆ. ಅಲ್ಲಿನ ಮರದ ಮನೆಗಳ ಬಾಗಿಲಿನ ಪಕ್ಕದಲ್ಲಿ ಹಿಂದೆ ಒಂದು ದಪ್ಪ ಮೊಳೆ ಹೊಡೆದಿರುತ್ತಿತ್ತು. ಬೆಳಕು ಹರಿಯುವ ಮೊದಲೇ ಬೇಕರಿಯವರು ಬಂದು ಗಜದುದ್ದದ ಬ್ರೆಡ್ಡನ್ನು ಆ ಮೊಳೆಗೆ ಚುಚ್ಚಿ ಮುಂದಿನ ಮನೆಗೆ ಹೋಗುತ್ತಿದ್ದರು. ನಮ್ಮಲ್ಲಿ ಹಾಲಿನ ಪಾಕೀಟು ಗೇಟಿಗೆ ನೇತುಬೀಳುವ ಹಾಗೆ, ಅಲ್ಲಿ ಬ್ರೆಡ್ಡು ಮೊಳೆಗೆ ನೇತುಬೀಳುತ್ತಿತ್ತು. ಎದ್ದ ಮನೆಯವರು ಅದನ್ನು ಮುರಿದು ಹಾಲು ಬೆರೆಸಿದ ಕಾಫಿಯಲ್ಲಿ ಅದ್ದಿ ತಿಂದು ಸಿಗಾರ್ ಕಾರ್ಖಾನೆಗೆ ನಡೆಯುತ್ತಿದ್ದರು.

ಕ್ಯೂಬನ್ ಸ್ಯಾಂಡ್‌ವಿಚ್ಚಿನ ಮಾತನ್ನು ಆ ಮೊಳೆಯಿಂದಲೇ ಶುರುಮಾಡಲು ಕಾರಣವಿದೆ. ಉದ್ದನೆಯ ಬ್ರೆಡ್ಡಿನೊಳಗೆ ಹ್ಯಾಮ್ (ಉಪ್ಪಿನಲ್ಲಿ ಹದಮಾಡಿದ ಹಂದಿಯ ತೊಡೆ), ಹುರಿದ ಹಂದಿ ಮಾಂಸ, ಚೀಸ್, ಉಪ್ಪಿನ ಸೌತೆ, ಸಾಸಿವೆ ಗೊಜ್ಜು ಜೋಡಿಸಿ ಒತ್ತಿ ಸುಡುವ ತಿನಿಸು ಇದು. ಈ ತಿನಿಸಿನ ಬಗ್ಗೆ ಮಾತನಾಡುವವರೆಲ್ಲ ಒಳಗಿನ ಮಾಂಸದ ಬಗ್ಗೆ ಮಾತನಾಡುತ್ತಾರೆ, ಸಲಾಮಿ ಎಂಬ ಒಣಗಿಸಿದ ಇಟಾಲಿಯನ್ ಸಾಸೇಜ್ ಇರಬೇಕೇ ಬೇಡವೇ ಎಂದು ಜಗಳವಾಡುತ್ತಾರೆ. ಹಲವು ಸಲ ಮಾಡಿ, ಕೆಲವು ಸಲ ಕೆಡಿಸಿ ನಾನು ಕಂಡುಕೊಂಡದ್ದು ಬೇರೆ. ಬ್ರೆಡ್ಡು ಸರಿಯಾಗಿದ್ದರೆ ಉಳಿದದ್ದರಲ್ಲಿ ಸಣ್ಣಪುಟ್ಟ ತಪ್ಪಾದರೂ ತಿನ್ನುವವರು ಕ್ಷಮಿಸುತ್ತಾರೆ. ಬ್ರೆಡ್ಡು ತಪ್ಪಿದರೆ ಎಷ್ಟೇ ದುಬಾರಿ ಹ್ಯಾಮ್ ತುಂಬಿದರೂ ಅದು ಕ್ಯೂಬನ್ ಸ್ಯಾಂಡ್‌ವಿಚ್ ಆಗುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಬ್ರೆಡ್ಡಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಾದಿಯಲ್ಲಿ ಹುಟ್ಟಿದ ತಿನಿಸು

1868ರಲ್ಲಿ ಕ್ಯೂಬಾದಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ಬಂಡಾಯ ಶುರುವಾಯಿತು. ಹತ್ತು ವರ್ಷ ನಡೆದ ಆ ಯುದ್ಧದ ಮೊದಲ ದಿನಗಳಲ್ಲೇ ಅನೇಕ ಸಿಗಾರ್ ತಯಾರಕರೂ ಕೆಲಸಗಾರರೂ ಸಮುದ್ರ ದಾಟಿ, ಕ್ಯೂಬಾದ ರಾಜಧಾನಿ ಹವಾನಾದಿಂದ ಸುಮಾರು 170 ಕಿಲೋಮೀಟರ್ ದೂರದ, ಫ್ಲಾರಿಡಾದ ಕೀ ವೆಸ್ಟ್ ದ್ವೀಪ ಸೇರಿದರು. ಅವರಲ್ಲೊಬ್ಬರು ವಿಸೆಂಟೆ ಮಾರ್ಟಿನೆಸ್ ಈಬೋರ್. ಸ್ಪೇನಿನ ವಲೆನ್ಸಿಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಕ್ಯೂಬಾಕ್ಕೆ ಬಂದು ಸಿಗಾರ್ ಉದ್ಯಮದಲ್ಲಿ ಹೆಸರು ಮಾಡಿದವರು. ಬಂಡಾಯಗಾರರ ಪರವಾಗಿದ್ದುದರಿಂದ 1869ರಲ್ಲಿ ಊರು ಬಿಡಬೇಕಾಯಿತು. ಅಮೆರಿಕ ಆಗ ಸುತ್ತಿದ ಸಿಗಾರಿನ ಮೇಲೆ ಭಾರಿ ಆಮದು ಸುಂಕ ಹಾಕುತ್ತಿತ್ತು, ಎಲೆಯ ಮೇಲಿನ ಸುಂಕ ಅದಕ್ಕಿಂತ ಕಡಿಮೆ. ಹಾಗಾಗಿ ಎಲೆಯನ್ನು ಕ್ಯೂಬಾದಿಂದ ತರಿಸಿ ಫ್ಲಾರಿಡಾದಲ್ಲೇ ಸುತ್ತಿಸುವುದು ಲಾಭದ ದಾರಿಯಾಗಿತ್ತು.

1884ರಲ್ಲಿ ಟ್ಯಾಂಪಾಕ್ಕೆ ರೈಲು ಬಂತು. ಮರುವರ್ಷ ಈಬೋರ್ ಅಲ್ಲಿ 40 ಎಕರೆ ಜಮೀನು ಕೊಂಡು ಕಾರ್ಖಾನೆ ಮತ್ತು ಕೆಲಸಗಾರರ ಮನೆಗಳನ್ನು ಕಟ್ಟಿಸತೊಡಗಿದರು. 1886ರಲ್ಲಿ ಕೀ ವೆಸ್ಟ್ ದೊಡ್ಡ ಬೆಂಕಿಗೆ ಸಿಕ್ಕಿ ಸುಟ್ಟಾಗ ಇನ್ನಷ್ಟು ಜನ ಇಲ್ಲಿಗೇ ಬಂದರು. ಟ್ಯಾಂಪಾ, ಕೀ ವೆಸ್ಟ್, ಹವಾನಾಗಳ ನಡುವೆ ಹಬೆಹಡಗು ಓಡಾಡುತ್ತಿತ್ತು. ಅಂಥ ಒಂದು ಹಡಗು, ಮ್ಯಾಸ್ಕಾಟ್, ಇಂದಿಗೂ ಟ್ಯಾಂಪಾ ನಗರದ ಮುದ್ರೆಯಲ್ಲಿದೆ. ಕೆಲಸವಿದ್ದಲ್ಲಿಗೆ ಹೋಗುವುದು, ಮುಷ್ಕರವಾದರೆ ಹವಾನಾಕ್ಕೆ ಮರಳುವುದು, ಮತ್ತೆ ಬರುವುದು ಆ ಕೆಲಸಗಾರರ ಬದುಕಾಗಿತ್ತು. ಕ್ಯೂಬಾದಲ್ಲಿ ಹ್ಯಾಮ್, ಹುರಿದ ಹಂದಿ ಮಾಂಸ, ಚೀಸ್ ಸೇರಿಸಿ ಮಾಡುವ 'ಮಿಕ್ಸ್ತೊ' ಎಂಬ ಸ್ಯಾಂಡ್‌ವಿಚ್ ಇತ್ತು. ಅದು ಈ ಜನರ ಜೊತೆ ಹಡಗು ಹತ್ತಿತು. ಹವಾನಾ, ಕೀ ವೆಸ್ಟ್, ಟ್ಯಾಂಪಾ ಮೂರೂ ಊರುಗಳವರು ಇದು ನಮ್ಮದೇ ಎನ್ನುತ್ತಾರೆ. ಈ ತಿನಿಸು ಆ ಮೂರೂ ಊರುಗಳನ್ನು ಕಟ್ಟಿದ ಹಡಗಿನ ಹಾದಿಯದು ಎಂಬುದು ನನ್ನ ತೀರ್ಮಾನ.

ಈಬೋರ್ ಸಿಟಿಯಲ್ಲಿ ಕ್ಯೂಬನ್ನರ ಜೊತೆ ಸ್ಪೇನಿನ ಅಸ್ತೂರಿಯಾಸ್ ಮತ್ತು ಗಲೀಸಿಯಾ ಸೀಮೆಯವರು, ಸಿಸಿಲಿಯ ಇಟಾಲಿಯನ್ನರು, ಜರ್ಮನ್ನರು, ಪೂರ್ವ ಯುರೋಪಿನ ಯಹೂದಿ ವ್ಯಾಪಾರಿಗಳು ಎಲ್ಲರೂ ಅಕ್ಕಪಕ್ಕದಲ್ಲಿ ಬಾಳಿದರು. ಕಾರ್ಖಾನೆಯ ಹಜಾರದ ನಡುವೆ ಎತ್ತರದ ಪೀಠದ ಮೇಲೆ ಕುಳಿತು 'ಲೆಕ್ತೋರ್' ಎಂಬ ಓದುಗ ಬೆಳಿಗ್ಗೆ ಪತ್ರಿಕೆಯನ್ನೂ ಮಧ್ಯಾಹ್ನ ಕಾದಂಬರಿಯನ್ನೂ ಗಟ್ಟಿಯಾಗಿ ಓದುತ್ತಿದ್ದ. ಅವನ ಸಂಬಳವನ್ನು ಕೊಡುತ್ತಿದ್ದವರು ಸಿಗಾರ್ ಸುತ್ತುವ ಕೆಲಸಗಾರರೇ. ಕೇರಳದ ಬೀಡಿ ಕೆಲಸಗಾರರಲ್ಲೂ ಹೀಗೆ ಓದಿಸಿ ಕೇಳುವ ರೂಢಿ ಇತ್ತು ಎಂಬುದನ್ನು ನೆನೆದರೆ, ಹೊಗೆಸೊಪ್ಪಿನ ಕೆಲಸಕ್ಕೂ ಕಿವಿಯ ಓದಿಗೂ ಏನೋ ನಂಟಿದೆ ಅನ್ನಿಸುತ್ತದೆ. 1891ರ ನವೆಂಬರಿನಲ್ಲಿ ಕವಿ, ಹೋರಾಟಗಾರ ಹೊಸೆ ಮಾರ್ತಿ ಇಲ್ಲಿಗೆ ಬಂದು ಕ್ಯೂಬಾದ ಸ್ವಾತಂತ್ರ್ಯಕ್ಕಾಗಿ ಭಾಷಣ ಮಾಡಿದರು. ಮಾಲೀಕರು 1931ರಲ್ಲಿ ಓದುಗರನ್ನು ತೆಗೆದುಹಾಕಿ ಆ ಜಾಗಕ್ಕೆ ರೇಡಿಯೊ ತಂದರು.

ಎಲ್ಲರೂ ಅಕ್ಕಪಕ್ಕದಲ್ಲಿ ಬಾಳಿದರು ಎಂದೆ. ಅದಕ್ಕೂ ಒಂದು ಮಿತಿ ಇತ್ತು. ಬಿಳಿಯ ಮತ್ತು ಕರಿಯ ಕ್ಯೂಬನ್ನರು ಒಂದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೂ, ಫ್ಲಾರಿಡಾದ ವರ್ಣಭೇದದ ಒತ್ತಡದಲ್ಲಿ 1900ರ ಆಸುಪಾಸಿನಲ್ಲಿ ಅವರ ಸಂಘ ಎರಡಾಯಿತು. ಕರಿಯ ಕ್ಯೂಬನ್ನರು 'ಮಾರ್ತಿ-ಮಾಸೆಯೊ' ಒಕ್ಕೂಟವನ್ನು ಕಟ್ಟಿಕೊಂಡರು. ವಲಸಿಗರ ಒಗ್ಗಟ್ಟಿನ ಗುರುತು ಎಂದು ಈ ಸ್ಯಾಂಡ್‌ವಿಚ್ಚನ್ನು ಹೊಗಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು.

ಕೆಲಸದ ಹಂಚಿಕೆ

ಇದು ಒಂದು ಸಂಜೆಯ ಅಡುಗೆಯಲ್ಲ. ಶನಿವಾರ ರಾತ್ರಿ ತಿನ್ನಬೇಕೆಂದರೆ ಗುರುವಾರವೇ ಉಪ್ಪಿನ ಸೌತೆ ಹಾಕಿಡಬೇಕು, ಶುಕ್ರವಾರ ರಾತ್ರಿ ಮಾಂಸ ನೆನೆಸಿ ಬ್ರೆಡ್ಡಿನ ಹುದುಗು ಕಲಸಿಡಬೇಕು. ಶನಿವಾರ ಬೆಳಿಗ್ಗೆ ಮಾಂಸ, ಮಧ್ಯಾಹ್ನ ಬ್ರೆಡ್ಡು, ಸಂಜೆ ಜೋಡಿಸಿ ಒತ್ತುವುದು. ಒಂದೊಂದು ಹಂತದಲ್ಲಿ ಕೈಗೆಲಸ ಹದಿನೈದು ಇಪ್ಪತ್ತು ನಿಮಿಷದ್ದು ಮಾತ್ರ, ಉಳಿದದ್ದು ಕಾಯುವುದು. ಕೆಳಗಿನ ಅಳತೆ ನಾಲ್ಕು ಸ್ಯಾಂಡ್‌ವಿಚ್ಚಿಗೆ.

ಉಪ್ಪಿನ ಸೌತೆ

ಮಿಡಿ ಸೌತೆ, ಅಂದರೆ ಗೆರ್ಕಿನ್, ಬಾಟಲಿಯಲ್ಲಿ ಸಿಗುವುದನ್ನೇ ಕೊಂಡರೂ ಆಗುತ್ತದೆ. 1990ರ ದಶಕದಿಂದ ಕರ್ನಾಟಕದ ರೈತರು ಒಪ್ಪಂದದ ಮೇಲೆ ಮಿಡಿ ಸೌತೆ ಬೆಳೆಯುತ್ತಿದ್ದಾರೆ. ಅದರ ಬಹುಪಾಲು ವಿನೆಗರ್ ಮತ್ತು ಉಪ್ಪುನೀರಿನಲ್ಲಿ ಅಮೆರಿಕ, ಯುರೋಪ್, ರಷ್ಯಾಗಳಿಗೆ ಹೋಗುತ್ತದೆ. ಸಿಹಿ ಹಾಕಿದ ಬಾಟಲಿ ಬೇಡ, ಹುಳಿ-ಉಪ್ಪಿನದು ಬೇಕು.

ಮನೆಯಲ್ಲೇ ಮಾಡುವುದಾದರೆ ಹೀಗೆ: ಒಂದು ಕಪ್ ವಿನೆಗರ್, ಒಂದು ಕಪ್ ನೀರು, ಎರಡು ಟೀ ಚಮಚ ಉಪ್ಪು ಕುದಿಸಿ ಆರಿಸಿ. ಶುದ್ಧವಾದ ಗಾಜಿನ ಬಾಟಲಿಗೆ ಕಾಲು ಕಿಲೋ ಎಳೆ ಸೌತೆಯ ಉದ್ದನೆಯ ಬಿಲ್ಲೆಗಳು, ಜಜ್ಜಿದ ನಾಲ್ಕು ಬೆಳ್ಳುಳ್ಳಿ ಎಸಳು, ಹತ್ತು ಕಾಳುಮೆಣಸು, ಒಂದು ಹಿಡಿ ಸಬ್ಬಸಿಗೆ ಸೊಪ್ಪು ಹಾಕಿ ಮೇಲೆ ಆ ನೀರು ಸುರಿಯಿರಿ. ಫ್ರಿಜ್ಜಿನಲ್ಲಿ ಎರಡು ದಿನ. ಅಮೆರಿಕದಲ್ಲಿ ಈ ಉಪ್ಪಿನಕಾಯಿಯ ಪ್ರಾಣವೇ ಸಬ್ಬಸಿಗೆ. ನಮಗೆ ಅದು ಸಂತೆಯಲ್ಲೇ ಸಿಗುತ್ತದೆ. ಇದು ಫ್ರಿಜ್ಜಿನಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಬೇಕಾದ ತರಹದ್ದು, ನಮ್ಮ ಮಿಡಿ ಮಾವಿನಂತೆ ವರ್ಷ ಬಾಳುವುದಿಲ್ಲ.

ಮೋಹೊದಲ್ಲಿ ನೆನೆಸಿದ ಮಾಂಸ

ಮೋಹೊ ಎಂದರೆ ಹುಳಿ ಕಿತ್ತಳೆ, ಬೆಳ್ಳುಳ್ಳಿ, ಜೀರಿಗೆ, ಓರೆಗಾನೊ, ಆಲಿವ್ ಎಣ್ಣೆ ಸೇರಿದ ನೆನೆಸುವ ರಸ. ಕ್ಯೂಬಾದವರು ಹುಳಿ ಕಿತ್ತಳೆಯನ್ನು 'ನಾರಾನ್ಹಾ ಆಗ್ರಿಯಾ' ಎನ್ನುತ್ತಾರೆ. ಆ ಮೊದಲ ಪದ ಅರಬ್ಬಿ, ಪಾರಸಿಗಳ ಮೂಲಕ ನಮ್ಮ ಕಡೆಯ 'ನಾರಂಗ'ದಿಂದ ಹೋದದ್ದು. ಏಷ್ಯಾದ ಹಣ್ಣು ಅರಬರ ಜೊತೆ ಸ್ಪೇನಿಗೆ, ಸ್ಪೇನಿನವರ ಜೊತೆ ಕ್ಯೂಬಾಕ್ಕೆ ಹೋಯಿತು, ಹೆಸರನ್ನೂ ಹೊತ್ತುಕೊಂಡೇ ಹೋಯಿತು.

ಹುಳಿ ಕಿತ್ತಳೆ ಸಿಗದಿದ್ದರೆ ಎರಡು ಪಾಲು ಕಿತ್ತಳೆ ರಸಕ್ಕೆ ಒಂದು ಪಾಲು ನಿಂಬೆ ರಸ ಬೆರೆಸಿ. ಹೇರಳೆಕಾಯಿಯ ರಸವನ್ನು ನಿಂಬೆಯ ಬದಲು ಬಳಸಿ ನೋಡಿದ್ದೇನೆ. ಅದರ ಸಣ್ಣ ಕಹಿ ಇಲ್ಲಿ ಬಹಳ ಚೆನ್ನಾಗಿ ಹೊಂದುತ್ತದೆ.

ಮೂಳೆ ತೆಗೆದ ಹಂದಿಯ ಭುಜದ ಮಾಂಸ ಒಂದು ಕಿಲೋ ಬೇಕು. ತೊಡೆಯ ಮಾಂಸ ಒಣಗುತ್ತದೆ. ಭುಜದಲ್ಲಿ ಮಾಂಸದ ನಡುನಡುವೆ ಕೊಬ್ಬಿನ ಎಳೆಗಳಿರುವುದರಿಂದ ಎರಡನೆಯ ಸಲ ಕಾವಲಿಯ ಮೇಲೆ ಬಿಸಿಯಾದಾಗಲೂ ಮೃದುವಾಗಿರುತ್ತದೆ. ಕೊಡಗಿನಲ್ಲಿ, ಮಂಗಳೂರಿನಲ್ಲಿ ಕಟುಕರಿಗೆ ಹೇಳಿದರೆ ಕೊಬ್ಬು ಉಳಿಸಿ ಇಡಿಯಾಗಿ ಕೊಡುತ್ತಾರೆ. ಪಂದಿ ಕರಿಗೆ ಕತ್ತರಿಸುವ ಹಾಗೆ ಸಣ್ಣ ತುಂಡು ಮಾಡಬೇಡಿ ಎಂದು ಮೊದಲೇ ಹೇಳಿಬಿಡಿ. ಹೊರಗಿನ ಹೆಚ್ಚುವರಿ ಕೊಬ್ಬನ್ನು ಪ್ರತ್ಯೇಕ ಕಟ್ಟಿಸಿಕೊಳ್ಳಿ, ಬ್ರೆಡ್ಡಿಗೆ ಬೇಕಾಗುತ್ತದೆ.

ಹತ್ತು ಎಸಳು ಬೆಳ್ಳುಳ್ಳಿಯನ್ನು ಮೂರು ಟೀ ಚಮಚ ಉಪ್ಪಿನ ಜೊತೆ ಕುಟ್ಟಾಣಿಯಲ್ಲಿ ನುಣ್ಣಗೆ ಜಜ್ಜಿ. ಹುರಿದು ಪುಡಿಮಾಡಿದ ಜೀರಿಗೆ ಒಂದು ಟೀ ಚಮಚ, ಒಣ ಓರೆಗಾನೊ ಎರಡು, ಕಾಳುಮೆಣಸಿನ ಪುಡಿ ಒಂದು, 120 ಮಿಲಿಲೀಟರ್ ಕಿತ್ತಳೆ ರಸ, 60 ಮಿಲಿಲೀಟರ್ ನಿಂಬೆ ರಸ, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ ಸೇರಿಸಿ. ಮಾಂಸಕ್ಕೆ ಚೂರಿಯಿಂದ ಎಂಟು ಹತ್ತು ಕಡೆ ಆಳವಾಗಿ ಚುಚ್ಚಿ ರಸವನ್ನು ಒಳಕ್ಕೆ ಇಳಿಸಿ, ಮುಚ್ಚಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಿ. ಹನ್ನೆರಡು ಗಂಟೆ ಸಾಕು. ಎರಡು ದಿನ ಬಿಟ್ಟರೆ ಹುಳಿಗೆ ಮಾಂಸದ ಹೊರಮೈ ಹಿಟ್ಟಿನಂತಾಗುತ್ತದೆ.

ಬೆಳಿಗ್ಗೆ ರಸದ ಸಮೇತ ಪಾತ್ರೆಗೆ ಹಾಕಿ, ಫಾಯಿಲ್ಲಿನಿಂದ ಬಿಗಿಯಾಗಿ ಮುಚ್ಚಿ, 150 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಎರಡೂವರೆ ಗಂಟೆ ಬೇಯಿಸಿ. ಆಮೇಲೆ ಮುಚ್ಚಳ ತೆಗೆದು 200 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಮೇಲ್ಮೈ ಕಂದಾಗುತ್ತದೆ. ಮಾಂಸದ ಉಷ್ಣಮಾಪಕ ಇದ್ದರೆ ನಡುಭಾಗ 85 ಡಿಗ್ರಿ ತೋರಿಸಬೇಕು. ನಮಗೆ ಬೇಕಾದದ್ದು ಕೊಯ್ದರೆ ಬಿಲ್ಲೆಯಾಗಿ ಬರುವ, ಬೆರಳಲ್ಲಿ ಎಳೆದರೆ ಬಿಡಿಸಿಕೊಳ್ಳುವ ಹದ. 95 ಡಿಗ್ರಿಗೆ ಹೋದರೆ ಎಳೆಎಳೆಯಾಗಿ ಉದುರುತ್ತದೆ, ಸ್ಯಾಂಡ್‌ವಿಚ್ ಕಚ್ಚಿದಾಗ ಪಕ್ಕಗಳಿಂದ ಹೊರಬೀಳುತ್ತದೆ.

ಓವನ್ ಇಲ್ಲದವರು ಕುಕ್ಕರಿನಲ್ಲೂ ಮಾಡಬಹುದು. ಎರಡು ತುಂಡು ಮಾಡಿ, ರಸದ ಜೊತೆ ಅರ್ಧ ಕಪ್ ನೀರು ಸೇರಿಸಿ, ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 35 ನಿಮಿಷ. ಒತ್ತಡ ತಾನಾಗಿ ಇಳಿದ ಮೇಲೆ ಮಾಂಸವನ್ನು ಬಾಣಲೆಯಲ್ಲಿ ಎಲ್ಲ ಬದಿಯೂ ಕಂದಾಗುವಂತೆ ಹುರಿಯಿರಿ. ಉಳಿದ ರಸವನ್ನು ಅರ್ಧಕ್ಕೆ ಇಂಗಿಸಿ ಎತ್ತಿಡಿ. ಜೋಡಿಸುವಾಗ ಎರಡೆರಡು ಚಮಚ ಬೇಕು. ಮಾಂಸ ಆರಿದ ಮೇಲೆ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಳ್ಳಗೆ ಕೊಯ್ಯಿರಿ. ಬಿಸಿಯಲ್ಲೇ ಕೊಯ್ಯಲು ಹೋದರೆ ಪುಡಿಯಾಗುತ್ತದೆ.

ಹಂದಿ ತಿನ್ನದವರು ಇದೇ ಮೋಹೊದಲ್ಲಿ ಕೋಳಿಯ ತೊಡೆ ನೆನೆಸಿ ಹುರಿದು, ಹ್ಯಾಮಿನ ಬದಲಿಗೂ ಕೋಳಿಯದ್ದನ್ನೇ ಬಳಸಿ ರುಚಿಕರವಾದ ಸ್ಯಾಂಡ್‌ವಿಚ್ ಮಾಡಬಹುದು. ಆದರೆ ಅದನ್ನು ಅದರದೇ ಹೆಸರಿನಿಂದ ಕರೆಯೋಣ. ಕ್ಯೂಬನ್ ಸ್ಯಾಂಡ್‌ವಿಚ್ಚಿನ ಬೆನ್ನೆಲುಬೇ ಹಂದಿ.

ಬ್ರೆಡ್ಡು

ಟ್ಯಾಂಪಾದಲ್ಲಿ ಲಾ ಸೆಗುಂಡಾ ಎಂಬ ಬೇಕರಿ 1915ರಿಂದ ನಡೆಯುತ್ತಿದೆ. ಅದನ್ನು ಶುರುಮಾಡಿದ ಹುವಾನ್ ಮೋರೆ ಸ್ಪೇನಿನ ಕತಲೋನಿಯಾದವರು. ಕ್ಯೂಬಾದಲ್ಲಿ ಸೈನಿಕರಾಗಿದ್ದಾಗ ಅಲ್ಲಿನ ಬ್ರೆಡ್ಡಿಗೆ ಮನಸೋತು ಆ ವಿದ್ಯೆಯನ್ನು ಟ್ಯಾಂಪಾಕ್ಕೆ ತಂದರು. ಅಲ್ಲಿ ಇಂದಿಗೂ ಉದ್ದನೆಯ ಹಿಟ್ಟಿನ ಮೇಲೆ ಪಾಮೆಟ್ಟೊ ಎಂಬ ಬೀಸಣಿಗೆ ತಾಳೆಯ ಹಸಿ ಗರಿಯ ಪಟ್ಟಿಯೊಂದನ್ನು ಇಟ್ಟು ಸುಡುತ್ತಾರೆ. ಗರಿಯ ಕೆಳಗೆ ತೇವ ಉಳಿದು, ಆ ಗೆರೆಯುದ್ದಕ್ಕೂ ಬ್ರೆಡ್ಡು ನೇರವಾಗಿ ಬಿರಿಯುತ್ತದೆ. ಹೊರಗೆ ಹಪ್ಪಳದಂತೆ ತೆಳುವಾದ ಗರಿಗರಿ ಪದರ, ಒಳಗೆ ಹತ್ತಿಯಂಥ ತಿರುಳು: ಇದು ಕ್ಯೂಬನ್ ಬ್ರೆಡ್. ಫ್ರೆಂಚ್ ಬಗೆಟ್ ಉದ್ದವಾಗಿದೆ ಎಂದು ಅದನ್ನು ತಂದರೆ ಒತ್ತಿದಾಗ ಅದರ ದಪ್ಪ ಸಿಪ್ಪೆ ಅಂಗುಳ ಗೀರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಹಂದಿಯ ಕೊಬ್ಬಿನದು.

ಮೊದಲು ಕೊಬ್ಬು ಕರಗಿಸೋಣ. 150 ಗ್ರಾಂ ಕೊಬ್ಬನ್ನು ಸಣ್ಣಗೆ ಕತ್ತರಿಸಿ, ಕಾಲು ಕಪ್ ನೀರಿನ ಜೊತೆ ದಪ್ಪ ತಳದ ಪಾತ್ರೆಯಲ್ಲಿ ಅತಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಡಿ. ನೀರು ಆರಿ, ತಿಳಿಯಾದ ಕೊಬ್ಬು ಬಿಡುತ್ತದೆ. ಸೋಸಿ ಆರಿಸಿದರೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಬೆಣ್ಣೆ ಬಳಸಿದರೆ ಬ್ರೆಡ್ಡು ಮೆತ್ತಗಾಗುತ್ತದೆ, ತುಪ್ಪ ಹಾಕಿದರೆ ಪರಿಮಳವೇ ಬೇರೆ ದಿಕ್ಕಿಗೆ ಹೋಗುತ್ತದೆ. ಕೊಬ್ಬು ಸಿಗದಿದ್ದರೆ ವನಸ್ಪತಿಯೇ ಹತ್ತಿರದ್ದು.

ರಾತ್ರಿ 75 ಗ್ರಾಂ ಮೈದಾ, 75 ಮಿಲಿಲೀಟರ್ ನೀರು, ಒಂದು ಚಿಟಿಕೆ ಯೀಸ್ಟ್ ಕಲಸಿ ಮುಚ್ಚಿಡಿ. ಬೆಳಿಗ್ಗೆ ಇದು ಗುಳ್ಳೆಯೆದ್ದು ದೋಸೆ ಹಿಟ್ಟಿನಂತೆ ಹುಳಿವಾಸನೆ ಬೀರುತ್ತದೆ. ಇದಕ್ಕೆ 425 ಗ್ರಾಂ ಮೈದಾ, 5 ಗ್ರಾಂ ಯೀಸ್ಟ್, 10 ಗ್ರಾಂ ಸಕ್ಕರೆ, 10 ಗ್ರಾಂ ಉಪ್ಪು, 50 ಗ್ರಾಂ ಕೊಬ್ಬು ಸೇರಿಸಿ, 210 ಮಿಲಿಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಸಿ. ನಮ್ಮ ಅಂಗಡಿಯ ಮೈದಾದಲ್ಲಿ ಅಮೆರಿಕದ ಬ್ರೆಡ್ ಹಿಟ್ಟಿಗಿಂತ ಜಿಗುಟು ಕಡಿಮೆ, ಅಷ್ಟು ನೀರನ್ನು ಅದು ಹಿಡಿಯುವುದಿಲ್ಲ. ಅಲ್ಲಿನ ಪಾಕವಿಧಾನವನ್ನು ಕಣ್ಣುಮುಚ್ಚಿ ಅನುಸರಿಸಿದ ಮೊದಲ ಸಲ ನನ್ನ ಹಿಟ್ಟು ತಟ್ಟೆಯ ಮೇಲೆ ಹರಡಿ ರೊಟ್ಟಿಯಂತಾಯಿತು. ಎರಡು ಟೀ ಚಮಚ ಗ್ಲುಟೆನ್ ಪುಡಿ ಬೆರೆಸಿದರೆ ಆ ಕೊರತೆ ನೀಗುತ್ತದೆ.

ಹನ್ನೆರಡು ನಿಮಿಷ ಚೆನ್ನಾಗಿ ನಾದಿ. ಹೋಳಿಗೆಯ ಕಣಕದಷ್ಟು ಮೆತ್ತಗಲ್ಲ, ಚಪಾತಿಯ ಹಿಟ್ಟಿಗಿಂತ ಸ್ವಲ್ಪ ಸಡಿಲ; ಮುಟ್ಟಿದರೆ ಕೈಗೆ ಅಂಟದೆ ರೇಷ್ಮೆಯಂತೆ ಜಾರಬೇಕು. ಮುಚ್ಚಿಟ್ಟು ಎರಡರಷ್ಟಾಗುವವರೆಗೆ ಬಿಡಿ. ಬೇಸಿಗೆಯಲ್ಲಿ ಒಂದು ಗಂಟೆ, ಚಳಿಗಾಲದಲ್ಲಿ ಎರಡು.

ಈಬೋರ್ ಸಿಟಿಯ ಗಜದುದ್ದದ ಬ್ರೆಡ್ಡು ನಮ್ಮ ಮನೆಯ ಓವನ್ನಿನಲ್ಲಿ ಹಿಡಿಸುವುದಿಲ್ಲ. ಹಿಟ್ಟನ್ನು ನಾಲ್ಕು ಭಾಗ ಮಾಡಿ. ಪ್ರತಿಯೊಂದನ್ನೂ ಅಂಗೈಯಗಲಕ್ಕೆ ತಟ್ಟಿ, ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ, ಅಂಚನ್ನು ಒತ್ತಿ ಮುಚ್ಚಿ, 22 ಸೆಂಟಿಮೀಟರ್ ಉದ್ದಕ್ಕೆ ಉರುಳಿಸಿ. ಅಂಚು ಕೆಳಗಿರುವಂತೆ ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ ಮುಕ್ಕಾಲು ಗಂಟೆ ಉಬ್ಬಲು ಬಿಡಿ. ಪಾಮೆಟ್ಟೊ ಗರಿಯ ಬದಲು ನಾನು ತೆಂಗಿನ ಹಸಿ ಗರಿಯನ್ನು ತೊಳೆದು, ಕಡ್ಡಿ ತೆಗೆದು, ಬೆರಳಗಲದ ಪಟ್ಟಿಯಾಗಿ ಸೀಳಿ ನೀರಿನಲ್ಲಿ ನೆನೆಸಿ ಹಿಟ್ಟಿನ ನಡುವೆ ಉದ್ದಕ್ಕೆ ಒತ್ತುತ್ತೇನೆ. ಬಿರುಕು ಅಚ್ಚುಕಟ್ಟಾಗಿ ಬರುತ್ತದೆ. ಒದ್ದೆಯಾದ ಹತ್ತಿ ದಾರವೂ ಅದೇ ಕೆಲಸ ಮಾಡುತ್ತದೆ, ಬರೀ ಬ್ಲೇಡಿನಿಂದ ಗೀರಿದರೂ ಸರಿಯೇ.

ಓವನ್ 210 ಡಿಗ್ರಿಗೆ ಕಾದಿರಲಿ, ಕೆಳಗಿನ ತಟ್ಟೆಯಲ್ಲಿ ಒಂದು ಲೋಟ ಬಿಸಿನೀರು ಇರಲಿ. ಆ ಹಬೆಯಿಂದ ಹೊರಪದರ ಮೊದಲೇ ಗಟ್ಟಿಯಾಗದೆ ಬ್ರೆಡ್ಡು ಪೂರ್ತಿ ಅರಳುತ್ತದೆ. ಹತ್ತು ನಿಮಿಷದ ನಂತರ ನೀರಿನ ತಟ್ಟೆ ತೆಗೆದು ಇನ್ನೂ ಹನ್ನೆರಡು ನಿಮಿಷ ಸುಡಿ. ಬಣ್ಣ ತಿಳಿ ಹೊಂಬಣ್ಣದಲ್ಲಿದ್ದಾಗಲೇ ಇಳಿಸಬೇಕು. ಮುಂದೆ ಕಾವಲಿಯ ಮೇಲೆ ಇನ್ನೊಮ್ಮೆ ಕಂದಾಗುವುದು ಬಾಕಿ ಇದೆ. ಗರಿ ತೆಗೆದು, ತಂತಿಯ ಜಾಲರಿಯ ಮೇಲೆ ಪೂರ್ತಿ ಆರಿಸಿ.

ಬ್ರೆಡ್ಡು ಮಾಡುವ ಮನಸ್ಸಿಲ್ಲದಿದ್ದರೆ ಬೇಕರಿಯ ಉದ್ದನೆಯ ಬನ್ನುಗಳಲ್ಲಿ ಸಿಹಿ ಇಲ್ಲದ್ದನ್ನು ಆರಿಸಿ, ಒತ್ತುವ ಮೊದಲು ಐದು ನಿಮಿಷ ಓವನ್ನಿನಲ್ಲಿ ಗರಿಗರಿಯಾಗಿಸಿ. ಆದರೂ ಒಮ್ಮೆಯಾದರೂ ಮನೆಯಲ್ಲಿ ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಉಳಿದ ಪದರಗಳು

ಹ್ಯಾಮ್ 400 ಗ್ರಾಂ, ತೆಳ್ಳಗೆ ಕೊಯ್ದದ್ದು, ತುಸು ಸಿಹಿಯಿದ್ದರೆ ಒಳ್ಳೆಯದು. ಜಿನೋವಾ ಸಲಾಮಿ 100 ಗ್ರಾಂ. ಸ್ವಿಸ್ ಚೀಸ್ 120 ಗ್ರಾಂ. ತೂತುಗಳಿರುವ ಎಮೆಂಟಾಲ್ ಸಿಕ್ಕರೆ ಅದೇ ಸರಿ. ಡಬ್ಬಿಯ ಸಂಸ್ಕರಿತ ಚೀಸ್ ಕರಗಿ ಎಲ್ಲವನ್ನೂ ಒಂದೇ ರುಚಿ ಮಾಡುತ್ತದೆ, ಬೇಡ. ಸಾಸಿವೆಯ ಗೊಜ್ಜು ಅಮೆರಿಕದ ಹಳದಿ ತರಹದ್ದೇ ಆಗಬೇಕು. ಅದರ ಬಣ್ಣಕ್ಕೆ ಕಾರಣ ಅರಿಸಿನ. ಬಂಗಾಳದ ಕಾಸುಂದಿ ಇಲ್ಲಿ ಮೂಗಿಗೆ ಹತ್ತಿ ಮೋಹೊವನ್ನು ಮುಚ್ಚಿಬಿಡುತ್ತದೆ.

ಟ್ಯಾಂಪಾದವರು ಹೇಳುವ ಕಥೆಯಲ್ಲಿ ಒಂದೊಂದು ಪದರಕ್ಕೂ ಒಂದೊಂದು ನಾಡಿದೆ: ಹ್ಯಾಮ್ ಸ್ಪೇನಿನವರದು, ಮೋಹೊ ಮಾಂಸ ಕ್ಯೂಬನ್ನರದು, ಸಲಾಮಿ ಸಿಸಿಲಿಯವರದು, ಚೀಸ್, ಸೌತೆ ಮತ್ತು ಸಾಸಿವೆ ಜರ್ಮನ್ ಮತ್ತು ಯಹೂದಿ ಅಂಗಡಿಗಳಿಂದ ಬಂದವು. ಕಥೆ ತುಂಬ ಚೆಂದ. ಹ್ಯಾಮ್ ಮತ್ತು ಚೀಸ್ ಕ್ಯೂಬಾದ ಮಿಕ್ಸ್ತೊದಲ್ಲೇ ಇದ್ದವು ಎಂಬುದನ್ನು ಅದು ಮರೆಸುತ್ತದೆ ಅಷ್ಟೆ. ಸಲಾಮಿ ಮಾತ್ರ ನಿಜಕ್ಕೂ ಈಬೋರ್ ಸಿಟಿಯ ಗುರುತು.

ಮಯಾಮಿಯಲ್ಲಿ ಸಲಾಮಿ ಹಾಕುವುದಿಲ್ಲ. ಕ್ಯೂಬಾದ 1959ರ ಕ್ರಾಂತಿಯ ನಂತರ ಹವಾನಾದಿಂದ ಮಯಾಮಿಗೆ ಬಂದವರು ಇಟಾಲಿಯನ್ನರ ನೆರೆಯಲ್ಲಿ ಬೆಳೆದವರಲ್ಲ. ತಮ್ಮ ಊರಿನ ಮಿಕ್ಸ್ತೊವನ್ನೇ ಎಂಟನೆಯ ಬೀದಿಯ ಅಂಗಡಿಗಳಲ್ಲಿ ಮುಂದುವರಿಸಿದರು. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಇನ್ನೂ ಸುಮಾರು 1,25,000 ಜನ ಬಂದರು. ಅಷ್ಟರಲ್ಲಿ ಈಬೋರ್ ಸಿಟಿ ಸೊರಗಿತ್ತು. ಯಂತ್ರಗಳೂ ಸಿಗರೇಟೂ ಸಿಗಾರ್ ಕೆಲಸಗಾರರನ್ನು ಮೊದಲೇ ಕಡಿಮೆ ಮಾಡಿದ್ದವು, ಕ್ಯೂಬಾದ ಮೇಲೆ ಅಮೆರಿಕ ಹೇರಿದ 1962ರ ವ್ಯಾಪಾರ ನಿರ್ಬಂಧದಿಂದ ಕ್ಯೂಬಾದ ಎಲೆ ಬರುವುದು ನಿಂತಿತು, ನಗರ ನವೀಕರಣ ಮತ್ತು ಹೆದ್ದಾರಿಗಾಗಿ ಮನೆಗಳ ಸಾಲುಗಳೇ ನೆಲಸಮವಾದವು. ಹಾಗಾಗಿ 2012ರಲ್ಲಿ ಟ್ಯಾಂಪಾದ ನಗರ ಸಭೆ 'ಐತಿಹಾಸಿಕ ಟ್ಯಾಂಪಾ ಕ್ಯೂಬನ್ ಸ್ಯಾಂಡ್‌ವಿಚ್' ತನ್ನ ಊರಿನ ಗುರುತಿನ ತಿನಿಸು ಎಂದು ಸಲಾಮಿಯ ಸಮೇತ ನಿರ್ಣಯ ಮಾಡಿದ್ದನ್ನು ಬರೀ ಹಠ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಳೆದುಕೊಂಡವರು ಉಳಿದದ್ದನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ನಾನು ಸಲಾಮಿ ಹಾಕುತ್ತೇನೆ. ಅದರ ಕೊಬ್ಬು ಕರಗಿ ಹ್ಯಾಮಿನ ಸಿಹಿಯನ್ನು ಸರಿದೂಗಿಸುತ್ತದೆ.

ಜೋಡಿಸುವುದು

ಬ್ರೆಡ್ಡನ್ನು ಅಡ್ಡಲಾಗಿ ಸೀಳಿ ಪುಸ್ತಕದಂತೆ ತೆರೆಯಿರಿ. ತಿರುಳನ್ನು ತೋಡಿ ತೆಗೆಯಬೇಡಿ. ಕೆಳಗಿನ ಹೋಳಿನ ಮೇಲೆ ಮೊದಲು ಹ್ಯಾಮ್, ಅದರ ಮೇಲೆ ಮೋಹೊ ಮಾಂಸ 80 ಗ್ರಾಂ, ಅದಕ್ಕೆ ಇಂಗಿಸಿದ ರಸ ಎರಡು ಚಮಚ, ನಂತರ ಸಲಾಮಿ, ಚೀಸ್, ಸೌತೆಯ ಮೂರು ನಾಲ್ಕು ಬಿಲ್ಲೆ. ಸೌತೆಯ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದಿರಬೇಕು. ಮೇಲಿನ ಹೋಳಿನ ಒಳಮೈಗೆ ಒಂದು ದೊಡ್ಡ ಚಮಚ ಸಾಸಿವೆ ಗೊಜ್ಜು ಸವರಿ ಮುಚ್ಚಿ. ಹ್ಯಾಮ್ ತಳದಲ್ಲಿರುವುದರಿಂದ ಮಾಂಸದ ರಸ ಬ್ರೆಡ್ಡಿಗೆ ನೇರವಾಗಿ ಇಳಿಯುವುದಿಲ್ಲ. ಚೀಸಿನ ಮೇಲೆ ಸೌತೆ ಇರುವುದರಿಂದ ಅದು ಜಾರದೆ ಅಂಟಿಕೊಳ್ಳುತ್ತದೆ. ಹ್ಯಾಮನ್ನು ಹಾಳೆಯಂತೆ ಚಪ್ಪಟೆಯಾಗಿ ಇಡುವ ಬದಲು ಸೀರೆಯ ನೆರಿಗೆಯಂತೆ ಮಡಿಸಿ ಇಡಿ, ನಡುವಿನ ಗಾಳಿಯಿಂದ ಬೇಗ ಬಿಸಿಯಾಗುತ್ತದೆ.

ಟೊಮೆಟೊ, ಲೆಟ್ಯೂಸ್, ಮೆಯೊನೇಸ್ ಯಾವುದೂ ಬೇಡ. ಒತ್ತಿದಾಗ ಇವು ನೀರು ಬಿಟ್ಟು ಬ್ರೆಡ್ಡನ್ನು ನೆನೆಸುತ್ತವೆ. ಈರುಳ್ಳಿಯೂ ಬೇಡ, ಹಸಿಮೆಣಸೂ ಬೇಡ. ಖಾರ ಬೇಕೆನ್ನುವವರ ಪಕ್ಕದಲ್ಲಿ ಮಾವಿನ ಮಿಡಿಯೊಂದನ್ನು ಇಟ್ಟುಬಿಡಿ.

ಒತ್ತುವುದು

ಅಲ್ಲಿನ ಅಂಗಡಿಗಳಲ್ಲಿ ಇದಕ್ಕೆ 'ಪ್ಲಾಂಚಾ' ಎಂಬ ಎರಡು ಸಪಾಟು ಬಿಸಿ ತಟ್ಟೆಗಳ ಒತ್ತು ಯಂತ್ರವಿದೆ. ನಮ್ಮ ಮನೆಗಳ ಎರಕದ ಕಬ್ಬಿಣದ ದೋಸೆ ಕಾವಲಿ ಅದಕ್ಕೆ ತಕ್ಕ ಜೋಡಿ. ಏಣುಗಳಿರುವ ಸ್ಯಾಂಡ್‌ವಿಚ್ ಗ್ರಿಲ್ ಬಳಸಬೇಡಿ: ಏಣು ತಾಗಿದಲ್ಲಿ ಕರಕಲು, ಉಳಿದಲ್ಲಿ ಮೆತ್ತಗೆ. ಸಪಾಟಾಗಿದ್ದರೆ ಮೈಯೆಲ್ಲ ಒಂದೇ ಹದಕ್ಕೆ ಗರಿಗರಿಯಾಗುತ್ತದೆ.

ಕಾವಲಿಯನ್ನು ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ಐದು ನಿಮಿಷ ಕಾಯಿಸಿ. ನೀರು ಚಿಮುಕಿಸಿದರೆ ದೋಸೆಗೆ ಹಾರುವಷ್ಟು ಹಾರಬಾರದು, ಸುಮ್ಮನೆ ಸುಂಯ್ ಎಂದು ಆರಬೇಕು. ಬ್ರೆಡ್ಡಿನ ಹೊರಮೈ ಎರಡೂ ಕಡೆ ಮೆತ್ತಗಿನ ಬೆಣ್ಣೆಯನ್ನು ತೆಳ್ಳಗೆ ಸವರಿ ಕಾವಲಿಯ ಮೇಲಿಡಿ. ಮೇಲೆ ಬೆಣ್ಣೆ ಕಾಗದ, ಅದರ ಮೇಲೆ ಬೇರೆ ಒಲೆಯಲ್ಲಿ ಬಿಸಿ ಮಾಡಿದ ಇನ್ನೊಂದು ಸಪಾಟು ತವಾ, ಅದರ ಮೇಲೆ ಮೂರು ನಾಲ್ಕು ಕಿಲೋ ಭಾರ. ನೀರು ತುಂಬಿದ ಕುಕ್ಕರ್ ಅಥವಾ ಒರಳಿನ ಗುಂಡುಕಲ್ಲು ಸಾಕು. ಗುಂಡು ಉರುಳದಂತೆ ಬಟ್ಟೆಯ ಸಿಂಬೆ ಮಾಡಿ ಕೂರಿಸಿ. ಭಾರವನ್ನು ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ಅದುಮಿದರೆ ಗರಿಗರಿ ಪದರ ಒಡೆದು ಒಳಗಿನದೆಲ್ಲ ಹೊರಬರುತ್ತದೆ.

ಒಂದು ಬದಿಗೆ ನಾಲ್ಕೈದು ನಿಮಿಷ, ತಿರುವಿ ಇನ್ನೊಂದಕ್ಕೆ ನಾಲ್ಕು. ಉರಿ ಹೆಚ್ಚಾದರೆ ಹೊರಗೆ ಕಪ್ಪಾಗಿ ಒಳಗೆ ಚೀಸ್ ತಣ್ಣಗೇ ಇರುತ್ತದೆ; ಹೆಚ್ಚಿನವರ ಸ್ಯಾಂಡ್‌ವಿಚ್ ಕೆಡುವುದು ಇಲ್ಲೇ. ಎತ್ತರ ಮೊದಲಿನ ಅರ್ಧದಷ್ಟಾಗಿ, ಅಂಚಿನಲ್ಲಿ ಚೀಸ್ ಸಣ್ಣಗೆ ಇಣುಕಿ, ಬೆರಳಿನಿಂದ ತಟ್ಟಿದರೆ ಟೊಳ್ಳಾದ ಗರಿಗರಿ ಸದ್ದು ಬಂದರೆ ಆಯಿತು. ಹಲಗೆಯ ಮೇಲೆ ಒಂದು ನಿಮಿಷ ಬಿಟ್ಟು, ಗರಗಸದ ಹಲ್ಲಿನ ಚೂರಿಯಿಂದ ಒಂದು ಮೂಲೆಯಿಂದ ಇನ್ನೊಂದಕ್ಕೆ ಓರೆಯಾಗಿ ಕೊಯ್ಯಿರಿ. ಓರೆ ಕೊಯ್ತದಲ್ಲಿ ಪದರಗಳೆಲ್ಲ ಸಾಲಾಗಿ ಕಾಣುತ್ತವೆ, ಮೊನಚಾದ ಮೂಲೆಯಿಂದ ಮೊದಲ ಕಚ್ಚು ಸಲೀಸಾಗುತ್ತದೆ.

ಮಿಕ್ಕ ಮಾಂಸಕ್ಕೆ

ಒಂದು ಕಿಲೋ ಮಾಂಸದಲ್ಲಿ ಅರ್ಧದಷ್ಟು ಮಿಗುತ್ತದೆ. ಬೆಂದ ಎರಡು ಗಂಟೆಯೊಳಗೆ ಅದನ್ನು ಫ್ರಿಜ್ಜಿಗೆ ಸೇರಿಸಿದರೆ ಮೂರು ದಿನ ಇರುತ್ತದೆ. ಅನ್ನ ಮತ್ತು ಕಪ್ಪು ಹುರುಳಿಕಾಯಿ ಬೀಜದ ಸಾರಿನ ಜೊತೆ ತಿನ್ನುವುದು ಕ್ಯೂಬನ್ನರ ಮನೆಯೂಟ. ಇನ್ನೊಂದು ದಾರಿ 'ಮೆದಿಯಾನೊಚೆ', ಅಂದರೆ ನಡುರಾತ್ರಿ. ಹವಾನಾದಲ್ಲಿ ರಾತ್ರಿಯ ನಾಟಕ, ಕುಣಿತ ಮುಗಿಸಿ ಬಂದವರಿಗೆ ಬಿಸಿಯಾಗಿ ಕೊಡುತ್ತಿದ್ದುದರಿಂದ ಆ ಹೆಸರು. ಒಳಗಿನದೆಲ್ಲ ಇದೇ, ಸಲಾಮಿ ಮಾತ್ರ ಇಲ್ಲ. ಬ್ರೆಡ್ಡು ಚಿಕ್ಕದು, ಮೊಟ್ಟೆ ಹಾಕಿದ ಸಿಹಿ ಹಳದಿ ಬನ್ನು. ಅದಕ್ಕೆ ನಮ್ಮ ಬೇಕರಿಗಳ ಸಿಹಿ ಬನ್ನನ್ನು ಹಣ್ಣಿನ ಚೂರುಗಳಿಲ್ಲದ್ದು ನೋಡಿ ತನ್ನಿ. ಸಕ್ಕರೆಯಿಂದ ಬೇಗ ಕಂದಾಗುವುದರಿಂದ ಬದಿಗೆ ಎರಡೇ ನಿಮಿಷ ಸಾಕು, ಭಾರವೂ ಅರ್ಧ ಸಾಕು.